ಕುಡಿತ ಮೆದುಳಿನ ಕಾಯಿಲೆಯಾ? ಹಾಗಾದರೆ ವಿಯೆಟ್ನಾಂನಿಂದ ಮರಳಿದ ಸೈನಿಕರು ಹೆರಾಯಿನ್ ಬಿಟ್ಟಿದ್ದು ಹೇಗೆ?

ಕಿರಣ್ ಎಂ: ಕುಡಿತ ಬಿಡಲಾಗದವರಿಗೆ "ಮನಸ್ಸು ಗಟ್ಟಿ ಮಾಡ್ಕೋ" ಅನ್ನುವುದನ್ನು ಮೊದಲು ನಿಲ್ಲಿಸಿ. ಚಟ ಅಂದರೆ ಮೆದುಳಿನ ಕಾಯಿಲೆ ಅಂತ ಅಮೆರಿಕದ ವಿಜ್ಞಾನಿ ಅಲನ್ ಲೆಶ್ನರ್ 1997ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಸಂಶೋಧಕಿ ನೋರಾ ವೋಲ್ಕೊ ಅವರು ತೆಗೆದ ಮೆದುಳಿನ ಪೆಟ್ ಸ್ಕ್ಯಾನ್‌ಗಳಲ್ಲಿ ಕುಡಿತ, ಕೊಕೇನ್ ಚಟ ಇರುವವರ ಮೆದುಳಲ್ಲಿ ಡೋಪಮೈನ್‌ನ ಡಿ2 ಗ್ರಾಹಕಗಳು, ಅಂದರೆ ಆಸೆ-ಖುಷಿಗೆ ಸಂಬಂಧಿಸಿದ ಆ ರಾಸಾಯನಿಕವನ್ನು ಹಿಡಿಯುವ ಭಾಗಗಳು, ಕಡಿಮೆ ಕಂಡವು. ಬಿಪಿ ಇರುವವರಿಗೆ ಹೀಗೆ ಬೈತೀರಾ?

ತುಂಗಾತೀರ: ಬಿಪಿ ಊರು ಬದಲಾಯಿಸಿದರೆ ಹೋಗಲ್ಲ ಸ್ವಾಮಿ. ಸಂಶೋಧಕಿ ಲೀ ರಾಬಿನ್ಸ್ 1971ರಲ್ಲಿ ವಿಯೆಟ್ನಾಂನಿಂದ ಮರಳಿದ ಅಮೆರಿಕದ ಸೈನಿಕರನ್ನು ವಿಚಾರಿಸಿದರು. ಸುಮಾರು 20% ಮಂದಿ ಅಲ್ಲಿ ಹೆರಾಯಿನ್ ಚಟಕ್ಕೆ ಬಿದ್ದಿದ್ದೆವು ಅಂದರು. ಮನೆಗೆ ಬಂದ ಮೊದಲ ವರ್ಷ ಅವರಲ್ಲಿ ಮತ್ತೆ ಚಟಕ್ಕೆ ಬಿದ್ದವರು 5% ಅಷ್ಟೇ.

ಕಿರಣ್ ಎಂ: "ಮೊದಲ ವರ್ಷ" ಅಂತ ನಿಲ್ಲಿಸಿದ್ದು ಯಾಕೆ? ಮೂರು ವರ್ಷಕ್ಕೆ ಅದು 12% ಆಯಿತು.

ತುಂಗಾತೀರ: 12 ಅಂದರೂ ಉಳಿದ 88 ಜನ ಏನಾದರು, ಅದನ್ನು ಹೇಳಿ. ಅರ್ಧದಷ್ಟು ಮಂದಿ ಊರಿಗೆ ಬಂದ ಮೇಲೂ ಒಮ್ಮೆಯಾದರೂ ಮುಟ್ಟಿದ್ದರು. ಆದರೂ ಹೆಚ್ಚಿನವರು ಚಟಕ್ಕೆ ಬೀಳಲಿಲ್ಲ.

ಮಂಜುಳಾ ಕೆ: ಇಲಿಗಳಲ್ಲೂ ಇದೇ ಕಥೆ. ಕೆನಡಾದಲ್ಲಿ ಬ್ರೂಸ್ ಅಲೆಕ್ಸಾಂಡರ್ ತಂಡ 1970ರ ದಶಕದ ಕೊನೆಗೆ ಇಲಿಗಳಿಗೆ ದೊಡ್ಡ ಜಾಗ, ಜೊತೆಗಾರರು, ಆಟದ ಸಾಮಾನು ಎಲ್ಲ ಕೊಟ್ಟಿತು. ಒಂಟಿ ಪಂಜರದ ಇಲಿಗಳು ಮಾರ್ಫಿನ್ (ಹೆರಾಯಿನ್ ಜಾತಿಯ ಮಾದಕ) ಬೆರೆಸಿದ ನೀರನ್ನು ಜಾಸ್ತಿ ಕುಡಿದವು. ಇವು ಅಷ್ಟು ಕುಡಿಯಲಿಲ್ಲ.

ಕಿರಣ್ ಎಂ: ಆ ನೀರಿಗೆ ಸಕ್ಕರೆ ಹಾಕಿದ್ದರು ಮೇಡಂ. ಇಲಿ ಕುಡಿದಿದ್ದು ಮಾರ್ಫಿನ್ ಆಸೆಗಾ, ಸಿಹಿಗಾ?

ಮಂಜುಳಾ ಕೆ: ಮಾರ್ಫಿನ್ ಕಹಿ, ಅದಕ್ಕೇ ಸಕ್ಕರೆ. ಎರಡೂ ಕಡೆ ಅದೇ ಸಕ್ಕರೆ. ಸಿಹಿಗೇ ಕುಡಿದಿದ್ದರೆ ಎರಡೂ ಗುಂಪು ಒಂದೇ ಸಮ ಕುಡಿಯಬೇಕಿತ್ತು ಅಲ್ವಾ?

ಕಿರಣ್ ಎಂ: ಒಂಟಿ ಇಲಿಗೆ ಸಿಹಿ ಹೆಚ್ಚು ಬೇಕೆನಿಸಬಹುದು. 1996ರಲ್ಲಿ ಬೇರೆಯವರು ಮಾಡಿ ನೋಡಿದಾಗ ಆ ವ್ಯತ್ಯಾಸ ಸಿಗಲೇ ಇಲ್ಲ. ಇದನ್ನು ಯಾಕೆ ಮುಚ್ಚಿಟ್ಟಿರಿ?

ಮಂಜುಳಾ ಕೆ: ಮುಚ್ಚಿಟ್ಟೆ ಅನ್ನಬೇಡಿ. ಮಾತು ಬಿಗಿ ಇರಲಿ. ಇಲಿ ಬೇಡವಾದರೆ ಕೋತಿ ನೋಡಿ. 2002ರಲ್ಲಿ ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಒಂಟಿಯಾಗಿದ್ದ ಕೋತಿಗಳನ್ನು ಗುಂಪಿಗೆ ಬಿಟ್ಟರು. ಗುಂಪಿನ ಯಜಮಾನ ಕೋತಿಗಳು ಕೊಕೇನ್ ಕಡಿಮೆ ತೆಗೆದುಕೊಂಡವು.

ಕಿರಣ್ ಎಂ: ಆ ಕೋತಿಗಳಲ್ಲಿ ಹೆಚ್ಚಾಗಿದ್ದು ಏನು? ಡಿ2 ಗ್ರಾಹಕ! ಅಂದರೆ ಮೆದುಳು. ನನ್ನ ಮಾತನ್ನೇ ನೀವು ಹೇಳಿದಿರಿ.

ತುಂಗಾತೀರ: ಅದು ಹೆಚ್ಚಾಗಿದ್ದು ಗುಂಪಿಗೆ ಬಿಟ್ಟ ಮೇಲೆ. ಅದೂ ಯಜಮಾನನಿಗೆ ಮಾತ್ರ, ಕೈಕೆಳಗಿನವಕ್ಕೆ ಅಲ್ಲ. ಸೋತವನಿಗೆ ಚಟ ಅಂಟುತ್ತೆ ಅಂತ ನಾನೂ ಹೇಳ್ತಿರೋದು.

ಪದ್ಮಾ: ನಮ್ಮ ಅಣ್ಣ ಹನ್ನೊಂದು ವರ್ಷ ಕುಡಿದ. ಒಂದು ಕೇಂದ್ರದಲ್ಲಿ ಮೂರು ತಿಂಗಳು ಬೀಗ ಹಾಕಿ ಕೂರಿಸಿದರು, ಔಷಧಿ ಇದೆ ಅಂತ ಯಾರೂ ಹೇಳಲಿಲ್ಲ. ಹೊರಗೆ ಬಂದ ವಾರಕ್ಕೇ ಮತ್ತೆ ಶುರು. ನಾಲ್ಟ್ರೆಕ್ಸೋನ್ ಮಾತ್ರೆಗೆ ಅಮೆರಿಕದಲ್ಲಿ 1994ರಲ್ಲೇ ಕುಡಿತದ ಚಟದ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಕ್ಕೇ ಬೇರೆ ವಿಭಾಗ ಇದೆ ಅಂತ ನಮಗೆ ಗೊತ್ತಾಗಿದ್ದು ಎಷ್ಟೋ ತಡವಾಗಿ. ಕಾಯಿಲೆ ಅಂತ ಮೊದಲೇ ಹೇಳಿದ್ದರೆ ನಾವು ಅವನಿಗೆ ಹೊಡೆಯುತ್ತಿರಲಿಲ್ಲ.

ಕಿರಣ್ ಎಂ: ನೋಡಿ, ಮಾತ್ರೆ ಕೆಲಸ ಮಾಡುವುದು ಮೆದುಳಿನ ಮೇಲೇ.

ತುಂಗಾತೀರ: ಪದ್ಮಾ ಅವರೇ, ಹೊರಗೆ ಬಂದ ಮೇಲೆ ಅವರು ಯಾರ ಜೊತೆ ಸೇರುತ್ತಿದ್ದರು? ಕೆಲಸ ಇತ್ತಾ?

ಮಂಜುಳಾ ಕೆ: ಕಿರಣ್, ಎರಡೂ ಕಡೆ ಅದೇ ಸಕ್ಕರೆ ಅಂದೆ. ಒಂಟಿ ಇಲಿಗೆ ಸಿಹಿ ಹೆಚ್ಚು ಬೇಕೆನಿಸುವುದು ಯಾಕೆ? ಒಂಟಿ ಅಂತ ತಾನೇ?