‘ರೀಇಟರೇಟ್’, ‘ಇಟರೇಟ್’, ‘ರಿಪೀಟ್’: ಯಾವುದನ್ನ ಎಲ್ಲಿ ಬಳಸ್ಬೇಕು?

ತುಂಗಾತೀರ:
ಎಲ್ರಿಗೂ ನಮಸ್ಕಾರ. ನಮ್ ಆಫೀಸ್ ಮೇಲ್‌ಗಳಲ್ಲಿ ‘ಐ ವುಡ್ ಲೈಕ್ ಟು ರೀಇಟರೇಟ್’ ಅಂತ ತುಂಬಾ ಬರುತ್ತೆ, ಡೆವಲಪರ್‌ಗಳು ನೋಡಿದ್ರೆ ಬರೀ ‘ಇಟರೇಟ್’ ಅಂತಾರೆ, ಡಿಕ್ಷನರೀಲಿ ಎರಡಕ್ಕೂ ಪುನರಾವರ್ತಿಸು ಅಂತಾನೇ ಇದೆ. ‘ರೀ’ ಅಂದ್ರೇನೇ ಮತ್ತೆ ಅಲ್ವಾ, ಹಾಗಾದ್ರೆ ಇಟರೇಟ್ ಅಂದ್ರೆ ಮೊದಲ ಸಲ ಹೇಳೋದಾ? ರಿಪೀಟ್ ಇರೋ ಕಡೆ ಎಲ್ಲಾ ರೀಇಟರೇಟ್ ಹಾಕ್ಬಹುದಾ?

ಹಳೇಮೇಷ್ಟ್ರು:
ಇಲ್ಲ, ಮೊದಲ ಸಲ ಅಂತಲ್ಲ. ಲ್ಯಾಟಿನ್‌ನಲ್ಲಿ ‘ಇಟೆರುಮ್’ ಅಂದ್ರೇನೇ ‘ಮತ್ತೆ’, ಅಂದ್ಮೇಲೆ ‘ಇಟರೇಟ್’ ಒಳಗೇ ಮತ್ತೆ ಅನ್ನೋದು ಇದೆ, ಅದರ ಮೇಲೆ ಇನ್ನೊಂದು ‘ರೀ’ ಕೂತಿದೆ. ಈಗ ಎರಡೂ ಬೇರೆ ಬೇರೆ ಕೆಲ್ಸಕ್ಕೆ ನಿಂತಿವೆ. ರೀಇಟರೇಟ್ ಮಾಡೋದು ಮಾತನ್ನ, ನಿಲುವನ್ನ, ಬೇಡಿಕೆನ, ಅದೂ ಒತ್ತು ಕೊಟ್ಟು. ಸಚಿವರು ತಮ್ಮ ಮಾತನ್ನ ‘ಪುನರುಚ್ಚರಿಸಿದರು’ ಅಂತ ಪೇಪರ್‌ನಲ್ಲಿ ಬರುತ್ತಲ್ಲ, ಸರಿಯಾಗಿ ಅದೇ. ವಿಶ್ವಸಂಸ್ಥೆ ಭದ್ರತಾ ಮಂಡಳಿ ನಿರ್ಣಯಗಳಲ್ಲೂ ಎಷ್ಟೋ ಪ್ಯಾರಾ ‘ರೀಇಟರೇಟಿಂಗ್’ ಅಂತ ಶುರುವಾಗುತ್ತೆ, ಷೇರು ಬ್ರೋಕರೇಜ್ ರಿಪೋರ್ಟಲ್ಲಿ ‘ರೀಇಟರೇಟ್ ಬೈ’ ಅಂದ್ರೆ ‘ಕೊಂಡ್ಕೊಳ್ಳಿ’ ಅನ್ನೋ ನಮ್ಮ ಹಿಂದಿನ ಶಿಫಾರಸು ಹಾಗೇ ಇದೆ ಅಂತ. ಆದ್ರೆ ಡಾಕ್ಟರ್ ಬ್ಲಡ್ ಟೆಸ್ಟನ್ನ ‘ರಿಪೀಟ್’ ಮಾಡಿ ಅಂತಾರೆ, ಅಲ್ಲಿ ರೀಇಟರೇಟ್ ಹಾಕಿದ್ರೆ ಕೆಟ್ಟದಾಗಿ ಕೇಳ್ಸುತ್ತೆ. ಕ್ಲಾಸು, ಪರೀಕ್ಷೆ, ಊಟದ ಆರ್ಡರ್, ಎಲ್ಲಕ್ಕೂ ರಿಪೀಟೇ ಸರಿ.

ಕೋಡ್‌ಕನ್ನಡಿಗ:
ನಮ್ ಕಡೆಯದನ್ನ ನಾನ್ ಹೇಳ್ತೀನಿ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಒಂದು ಲಿಸ್ಟ್ ‘ಇಟರೇಟ್’ ಮಾಡೋದು ಅಂದ್ರೆ ಅದ್ರಲ್ಲಿರೋ ಐಟಮ್‌ಗಳನ್ನ ಒಂದಾದ್ಮೇಲೆ ಒಂದು ತಗೊಂಡು ಅದೇ ಕೆಲ್ಸ ಮಾಡ್ತಾ ಹೋಗೋದು, ಫಾರ್ ಲೂಪ್ ಮಾಡೋದೇ ಅದು. ಇನ್ನು ಡಿಸೈನ್ ಟೀಮ್ನೋರು ‘ಇಟರೇಟ್ ಆನ್ ದಿಸ್’ ಅಂದ್ರೆ ಹಿಂದಿನ ರೌಂಡಲ್ಲಿ ಕಂಡಿದ್ದನ್ನ ಸರಿ ಮಾಡ್ಕೊಂಡು ಇನ್ನೊಂದು ರೌಂಡ್ ಹೋಗಿ ಅಂತ. ವರ್ಗಮೂಲ ಹುಡುಕೋಕೆ ನ್ಯೂಟನ್ ವಿಧಾನ ಇದ್ಯಲ್ಲ, 2ಕ್ಕೆ ಮೊದಲು 1.5 ಅಂದ್ಕೊಂಡ್ರೆ ಮುಂದಿನ ಸುತ್ತಲ್ಲೇ 1.4167 ಬರುತ್ತೆ, ಅದರ ಮುಂದೆ 1.4142, ಒಂದೊಂದು ಇಟರೇಶನ್‌ಗೂ ಉತ್ತರ ಹತ್ತಿರ ಬರ್ತಾ ಹೋಗುತ್ತೆ. ರೀಇಟರೇಟ್‌ನಲ್ಲಿ ಈ ಸುಧಾರಣೆ ಇಲ್ವೇ ಇಲ್ಲ, ಹೇಳಿದ್ದನ್ನೇ ಹೇಳೋದು. ದಯವಿಟ್ಟು ಕೋಡ್ ರಿವ್ಯೂನಲ್ಲಿ ಅದಲು ಬದಲು ಮಾಡ್ಬೇಡಿ.

ಧಾರವಾಡ_ಪೇಢೆ:
ಒಂದ್ ಮಾತು ಸೇರಸ್ತೀನ್ರಿ. ನಮ್ಮ ಮಂದಿ ‘ರೀಇಟರೇಟ್ ಅಬೌಟ್’ ಅಂತ ಬರೀತಾರ, ಕನ್ನಡದಾಗ ‘ಅದರ ಬಗ್ಗೆ’ ಅನ್ನೂದು ರೂಢಿ ಐತಲ್ಲ ಅದಕ್ಕ, ‘ಡಿಸ್ಕಸ್ ಅಬೌಟ್’ ಆಗೂದೂ ಹಿಂಗ. ಅಬೌಟ್ ಬ್ಯಾಡ, ಸೀದಾ ವಿಷಯ ಬರಬೇಕು, ‘ಹಿ ರೀಇಟರೇಟೆಡ್ ಹಿಸ್ ಡಿಮ್ಯಾಂಡ್’, ಇಲ್ಲಾ ‘ದಟ್’ ಹಾಕಿ ವಾಕ್ಯ ಮುಂದುವರಸ್ರಿ. ‘ರೀಇಟರೇಟೆಡ್ ಅಸ್’ ಅಲ್ಲ, ‘ಟು ಅಸ್’. ಮತ್ತ ‘ರೀಇಟರೇಟ್ ಅಗೇನ್’ ಅಂತ ಬರೀಬ್ಯಾಡ್ರಿ, ಆ ಅಗೇನ್ ಸುಮ್ನ ಹೆಚ್ಚಿಂದು.

ತುಂಗಾತೀರ:
ತುಂಬಾ ಥ್ಯಾಂಕ್ಸ್, ಈಗ ಕ್ಲಿಯರ್ ಆಯ್ತು. ಇನ್ನೊಂದೇ ಡೌಟು, ಮ್ಯಾನೇಜರ್‌ಗೆ ಬರೆಯೋವಾಗ ರೀಇಟರೇಟ್ ಹಾಕಿದ್ರೆ ಒರಟು ಅನ್ಸುತ್ತಾ?

ಹಳೇಮೇಷ್ಟ್ರು:
ಸ್ವಲ್ಪ ಗಟ್ಟಿಯಾಗಿ ಕೇಳ್ಸುತ್ತೆ, ‘ಆಗ್ಲೇ ಹೇಳಿದ್ನಲ್ಲ’ ಅಂದ ಹಾಗೆ. ಡೆಡ್‌ಲೈನ್, ದುಡ್ಡು, ಸೇಫ್ಟಿ ವಿಷಯ ಆದ್ರೆ ಗಟ್ಟಿಯಾಗೇ ಹೇಳ್ಬೇಕು, ಹಾಕಿ. ಬರೀ ನೆನಪಿಸೋಕಾದ್ರೆ ‘ಆ್ಯಸ್ ಐ ಮೆನ್ಶನ್ಡ್ ಅರ್ಲಿಯರ್’ ಸಾಕು. ಆದ್ರೆ ಮೊದಲ ಸಲ ಹೇಳ್ತಿರೋ ವಿಷಯಕ್ಕೆ ಎರಡೂ ಬೇಡ, ಹಿಂದೆ ಯಾವ ಮೇಲ್‌ನಲ್ಲಿ ಹೇಳಿದ್ರಿ ಅಂತ ಅವರು ಹುಡುಕ್ತಾ ಕೂರ್ತಾರೆ.