ಅಪ್ಪಯ್ಯನ ತೋಟ, ಒಂದು ಫಾರ್ವರ್ಡ್

ದೊಡ್ಡಣ್ಣ (ಶಿರಸಿ): *ಫಾರ್ವರ್ಡ್* ‘ತಂದೆ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೆ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿಲ್ಲ. ಎಲ್ಲರಿಗೂ ಕಳಿಸಿ.’

ದೊಡ್ಡಣ್ಣ: ಅಪ್ಪಯ್ಯ ಹೋಗಿದ್ದು 2001ರಲ್ಲಿ. ಸುಮ್ನೆ ಗೊತ್ತಿರಲಿ ಅಂತ ಹಾಕಿದೆ.

ಸಣ್ಣಕ್ಕ (ಕುಮಟಾ): ಸುಮ್ನೆ ಅಲ್ಲ ಅಣ್ಣ. ಸೋಮವಾರ ಹಕ್ಕು ಬಿಡುಗಡೆ ಪತ್ರಕ್ಕೆ ನನ್ನ ಸಹಿ ಬೇಕಲ್ಲ, ಅದಕ್ಕೆ ಹಾಕಿದ್ದು. 2015ರ ಒಂದು ತೀರ್ಪು ಹಾಗೆ ಹೇಳಿತ್ತು, ನಿಜ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಅದನ್ನು ತಳ್ಳಿಹಾಕಿತು. ಮಗಳ ಹಕ್ಕು ಹುಟ್ಟಿನಿಂದ ಬರುತ್ತದೆ. ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ಕ್ಕೆ ಅಪ್ಪ ಬದುಕಿರಲೇಬೇಕು ಅಂತಿಲ್ಲ.

ದೊಡ್ಡಣ್ಣ: ನಾನೂ ತಮ್ಮನೂ 2002ರಲ್ಲೇ ಪಾಲು ಮಾಡಿಕೊಂಡಿದ್ದೇವೆ. ಕಾಲುವೆಯಿಂದ ಆಚೆ ಅವನದು.

ಸಣ್ಣಕ್ಕ: ಬಾಯಲ್ಲಿ ಅಲ್ವಾ? 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯೋ ಕೋರ್ಟ್ ಡಿಕ್ರಿಯೋ ಆಗಿದ್ದರೆ ಸೈ. ಬಾಯಿಮಾತಿನ ಪಾಲನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ನಾನು (ತಮ್ಮ): ಪಹಣಿ ನಮ್ಮಿಬ್ಬರ ಹೆಸರಲ್ಲಿದೆಯಲ್ಲ ಅಕ್ಕ?

ಸಣ್ಣಕ್ಕ: ನಮ್ಮ ವಕೀಲರ ಆಫೀಸಿಗೆ ಬರುವವರು ಜಾಸ್ತಿ ಹೇಳುವುದು ಇದನ್ನೇ. ಪಹಣಿ ಕಂದಾಯದ ಲೆಕ್ಕಕ್ಕೆ. ಅದರಲ್ಲಿ ಹೆಸರು ಕೂತ ಮಾತ್ರಕ್ಕೆ ಮಾಲೀಕ ಆಗುವುದಿಲ್ಲ. ಬಿಡುಗಡೆ ಪತ್ರ ಹಾಗಲ್ಲ. ಸಬ್‌ ರಿಜಿಸ್ಟ್ರಾರ್ ಎದುರು ಫೋಟೋ ತೆಗೆಸಿ ಹೆಬ್ಬೆಟ್ಟು ಒತ್ತಿದ ಮೇಲೆ ‘ನಾನು ಓದಿರಲಿಲ್ಲ’ ಅಂದರೆ ಯಾರು ಕೇಳುತ್ತಾರೆ?

ದೊಡ್ಡಣ್ಣ: ನಿನ್ನ ಮದುವೆಗೆ ಚಿನ್ನ ಹಾಕಿದ್ದು ಮರೆತೆಯಾ? ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸಿದ್ದು ಯಾರು? ಸೊಸೈಟಿ ಸಾಲ ಯಾರ ತಲೆ ಮೇಲಿದೆ?

ನಾನು: ಸಾಲದ ಮಾತು ನಿಜ ಅಕ್ಕ. ಚಿನ್ನದ ಮಾತು ಬೇಡವಾಗಿತ್ತು ಅಣ್ಣ.

ಸಣ್ಣಕ್ಕ: ಸಾಲ, ಮದ್ದು, ಆಳಿನ ಖರ್ಚು ಎಲ್ಲ ಲೆಕ್ಕಕ್ಕೆ ತಾ. ನೋಡಿ ನಾನೇ ಪಾಲು ಬಿಟ್ಟರೂ ಬಿಟ್ಟೇನು. ಪಾಲೇ ಇಲ್ಲ ಅಂತ ಹೆದರಿಸಿ ಬಿಡಿಸಿಕೊಳ್ಳಬೇಡ.

ನಾನು: ಮತ್ತೆ ಬೆಟ್ಟ?

ಸಣ್ಣಕ್ಕ: ಬೆಟ್ಟ ನಮ್ಮದೆಲ್ಲಿ ಮಾರಾಯ? ಅರಣ್ಯದ ಜಾಗ. ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕು ಅಷ್ಟೇ. ಅದಕ್ಕೂ ಜಗಳ ಆಡಬೇಡಿ.

ದೊಡ್ಡಣ್ಣನ ಮಗಳು: ಅತ್ತೆ, ಅಜ್ಜಿಗೂ ಪಾಲು ಉಂಟಾ?

ಸಣ್ಣಕ್ಕ: ಉಂಟು ಮಗಾ. ಪತ್ರದ ಕರಡಲ್ಲಿ ಅವಳ ಹೆಸರೇ ಇಲ್ಲ.

ದೊಡ್ಡಣ್ಣ: ಆಯಿ ನಮ್ಮ ಜೊತೆಗೇ ಇದ್ದಾಳೆ. ಅವಳಿಗೆ ಎಂತಕ್ಕೆ?

ಸಣ್ಣಕ್ಕ: ಅದನ್ನು ಆಯಿ ಹೇಳಲಿ, ನೀನಲ್ಲ. ಸೋಮವಾರ ಬರ್ತೇನೆ, ಸಹಿ ಹಾಕುವುದಿಲ್ಲ. ಸೊಸೈಟಿ ಪಾಸ್‌ಬುಕ್ ತೆಗೆದಿಡು.