ಪದಚರ್ಚೆ: ಟೈಮ್‌ಲ್ಯಾಪ್ಸ್‌ಗೆ ‘ಎಡೆಬಿಟ್ಟ ಚಿತ್ರಣ’ ಎನ್ನಬಹುದು

ಮಾನ್ಯರೇ,

ಗಂಟೆಗಟ್ಟಲೆಯ ನೋಟವನ್ನು ಕೆಲವೇ ಸೆಕೆಂಡುಗಳಲ್ಲಿ ತೋರಿಸುವ ಟೈಮ್‌ಲ್ಯಾಪ್ಸ್ ಬಗೆಯ ರಾತ್ರಿಯ ಆಕಾಶದ ವಿಡಿಯೊವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎಂದು ಹೊಸಕೋಟೆ ಕಡೆಯ ಶಿಕ್ಷಕಿಯೊಬ್ಬರು ನಮ್ಮ ಪದಚರ್ಚೆಯ ಬಳಗದಲ್ಲಿ ಕೇಳಿ ನಾಲ್ಕು ದಿನಗಳಾದವು. ಅವರ ಶಾಲೆಯ ಆಕಾಶವೀಕ್ಷಣೆಯ ಫಲಕ ಸೋಮವಾರ ಮುದ್ರಣಕ್ಕೆ ಹೋಗಬೇಕಾಗಿದೆ. ಲಡಾಖಿನ ಹಾನ್ಲೆಯಲ್ಲಿ ತೆಗೆದ ವಿಡಿಯೊ ಒಂದು, ಧ್ರುವನಕ್ಷತ್ರದ ಸುತ್ತ ಬಳೆಬಳೆಯಾಗಿ ಗೆರೆಗಳು ಮೂಡಿರುವ ಚಿತ್ರ ಇನ್ನೊಂದು. ಎರಡಕ್ಕೂ ಅವರಿಗೆ ಕನ್ನಡದ ಹೆಸರು ಬೇಕು. ನಾನು ಸೂಚಿಸಿದ ‘ಎಡೆಬಿಟ್ಟ ಚಿತ್ರಣ’ಕ್ಕೆ ಬಳಗದಲ್ಲಿ ಕೆಲವು ಆಕ್ಷೇಪಗಳು ಬಂದಿವೆ. ಬೇರೆಯವರಿಂದ ಈವರೆಗೆ ಬಂದಿರುವ ಉತ್ತರಗಳಲ್ಲಿ ಒಂದನ್ನೂ ಆ ಫಲಕದ ಮೇಲೆ ಬರೆಸುವಂತಿಲ್ಲ ಎಂಬುದು ನನ್ನ ಅಭಿಪ್ರಾಯವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಬಂದಿರುವ ಸಲಹೆಗಳಲ್ಲಿ ‘ಕಾಲಲೋಪ’ ಬೇಡ. ಲೋಪವೆಂದರೆ ಕನ್ನಡಿಗರಿಗೆ ಕರ್ತವ್ಯಲೋಪ, ಇಲ್ಲವೇ ಲೋಪಸಂಧಿ. ‘ಕಾಲಾತೀತ’ವಂತೂ ತಪ್ಪೇ, ಅದು ಕಾಲವನ್ನು ಮೀರಿ ನಿಂತದ್ದಕ್ಕೆ ಸಲ್ಲುವ ಮಾತು, ಇಲ್ಲಿರುವುದು ಗಡಿಯಾರ ಹಿಡಿದು ಮಾಡುವ ಕೆಲಸ. ಇಂಗ್ಲಿಷಿನ ಪದವನ್ನು ಎರಡು ತುಂಡು ಮಾಡಿ ಒಂದೊಂದು ತುಂಡಿನ ಎದುರಿಗೆ ಸಂಸ್ಕೃತದ ಒಂದೊಂದು ತುಂಡನ್ನು ಇಟ್ಟರೆ ಪದ ಸಿಕ್ಕಿತೆಂದು ತಿಳಿಯುವವರು ಆ ಪದ ಸೂಚಿಸುವ ಕೆಲಸವನ್ನು ಒಮ್ಮೆಯಾದರೂ ಕಣ್ಣಿಂದ ನೋಡಬೇಕು.

‘ಕ್ಷಿಪ್ರಚಿತ್ರ’, ‘ವೇಗಚಿತ್ರಣ’, ‘ಹೊತ್ತೋಟ’ ಎಂಬ ಮೂರು ಸಲಹೆಗಳನ್ನು ಒಟ್ಟಿಗೇ ನೋಡೋಣ, ಏಕೆಂದರೆ ಮೂರರ ದೋಷವೂ ಒಂದೇ. ಇವುಗಳಲ್ಲಿ ‘ಹೊತ್ತೋಟ’ ನನಗೂ ಇಷ್ಟವಾದ ಪದ. ಹಳಗನ್ನಡದ ‘ಪೊೞ್ತು’ ಇಂದಿನ ‘ಹೊತ್ತು’ ಆಗಿದೆ, ‘ಹೊತ್ತು ಮೂಡಿತು’, ‘ಹೊತ್ತು ಮುಳುಗಿತು’ ಎನ್ನುವಾಗ ನಮ್ಮ ಜನ ಸೂರ್ಯನನ್ನೂ ಕಾಲವನ್ನೂ ಒಂದೇ ಮಾತಿನಲ್ಲಿ ಹಿಡಿದಿದ್ದಾರೆ. ಆದರೆ ಈ ಮೂರು ಪದಗಳೂ ನೋಡುವವನ ಅನಿಸಿಕೆಯನ್ನು ಹೇಳುತ್ತವೆಯೇ ಹೊರತು ಚಿತ್ರ ತೆಗೆದ ಬಗೆಯನ್ನು ಹೇಳುವುದಿಲ್ಲ. ಮಾಮೂಲು ವಿಡಿಯೊವನ್ನು ಬೇಗಬೇಗ ಓಡಿಸಿದರೆ ಇದು ಸಿಗುತ್ತದೆ ಎಂಬ ತಪ್ಪು ತಿಳಿವಳಿಕೆಯನ್ನು ಅವು ಮಗುವಿನ ತಲೆಯಲ್ಲಿ ಬಿತ್ತುತ್ತವೆ, ಅದು ಸಿಗುವುದಿಲ್ಲ. ಸೆಕೆಂಡಿಗೆ 24 ಚಿತ್ರ ತೆಗೆಯುವ ವಿಡಿಯೊದಲ್ಲಿ ಒಂದೊಂದು ಚಿತ್ರಕ್ಕೂ ಹೆಚ್ಚೆಂದರೆ ಸೆಕೆಂಡಿನ ಇಪ್ಪತ್ನಾಲ್ಕನೆಯ ಒಂದು ಭಾಗದಷ್ಟು ಹೊತ್ತಿನ ಬೆಳಕು ದಕ್ಕುತ್ತದೆ, ಅಷ್ಟರಲ್ಲಿ ಕ್ಷೀರಪಥ ಮೂಡುವುದು ಕಷ್ಟ. ಆದ್ದರಿಂದ ಒಂದೊಂದು ಬಿಡಿಚಿತ್ರಕ್ಕೂ 15 ಅಥವಾ 20 ಸೆಕೆಂಡು ಕ್ಯಾಮೆರಾದ ಶಟರ್, ಎಂದರೆ ಬೆಳಕನ್ನು ಒಳಬಿಡುವ ಕದ, ತೆರೆದಿಟ್ಟು, ಇಂಥ ನೂರಾರು ಚಿತ್ರಗಳನ್ನು ಗೊತ್ತಾದ ಎಡೆಯಲ್ಲಿ ತೆಗೆದು, ಆಮೇಲೆ ಒಂದರ ಹಿಂದೆ ಒಂದನ್ನು ಪೋಣಿಸುತ್ತಾರೆ. 25 ಸೆಕೆಂಡಿಗೆ ಒಂದರಂತೆ ರಾತ್ರಿ ಒಂಬತ್ತರಿಂದ ಮೂರರವರೆಗೆ ತೆಗೆದರೆ 864 ಚಿತ್ರಗಳಾಗುತ್ತವೆ, ಸೆಕೆಂಡಿಗೆ 24ರಂತೆ ಪರದೆಯ ಮೇಲೆ ಅದು 36 ಸೆಕೆಂಡು. ಅಲ್ಲಿ ಕಳೆಯುವ ಒಂದು ಸೆಕೆಂಡು ಆಕಾಶದ ಹತ್ತು ನಿಮಿಷಕ್ಕೆ ಸಮ. ಆ ಹತ್ತು ನಿಮಿಷದಲ್ಲಿ ಆಕಾಶ ಎರಡೂವರೆ ಡಿಗ್ರಿ, ಎಂದರೆ ಐದು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ದೂರ, ತಿರುಗಿರುತ್ತದೆ.

ಈ ಲೆಕ್ಕ ನಾನೇ ಮಾಡಿ ಕಲಿತದ್ದು. ಸಾಗರದ ಕಡೆ ಸ್ನೇಹಿತರೊಬ್ಬರ ಅಡಿಕೆ ತೋಟದ ಅಂಚಿನಲ್ಲಿ ಡಿಸೆಂಬರಿನ ಒಂದು ರಾತ್ರಿ ಟ್ರೈಪಾಡ್ ನಿಲ್ಲಿಸಿ ಕುಳಿತಿದ್ದೆ. ಒಂಬತ್ತಕ್ಕೆ ಪೂರ್ವದಲ್ಲಿದ್ದ ಮಹಾವ್ಯಾಧ (ಒರಾಯನ್ ನಕ್ಷತ್ರಪುಂಜ) ಮೂರು ಗಂಟೆಗೆ ಪಶ್ಚಿಮಕ್ಕೆ ವಾಲಿದ್ದ. ಕತ್ತಲಲ್ಲಿ ಕ್ಯಾಮೆರಾದ ಸದ್ದೊಂದೇ ಕೇಳುತ್ತಿತ್ತು: ಶಟರ್ ತೆರೆಯುವ ಟಿಕ್, ಇಪ್ಪತ್ತು ಸೆಕೆಂಡಿನ ಮೌನ, ಮುಚ್ಚುವ ಟಿಕ್, ಐದು ಸೆಕೆಂಡು ಬಿಡುವು, ಮತ್ತೆ ಟಿಕ್. ಕಂಬಳಿ ಹೊದ್ದು ಬಂದ ಸ್ನೇಹಿತರ ತಂದೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ‘ಎಷ್ಟು ಎಡೆ ಬಿಟ್ಟು ಹೊಡೀತದೆ ಇದು?’ ಎಂದರು. ನಡುರಾತ್ರಿ ಕಳೆದು ಒಂದು ಗಂಟೆ ಹೊಡೆದ ಮೇಲೆ ಲೆನ್ಸಿನ ಮೇಲೆ ಇಬ್ಬನಿ ಕಟ್ಟಿದ್ದು ನನ್ನ ಗಮನಕ್ಕೆ ಬರಲಿಲ್ಲ. ಆ ಮೇಲಿನ 288 ಚಿತ್ರಗಳಲ್ಲಿ ಪ್ರತಿ ಚಿಕ್ಕೆಯೂ ನೀರಿಗೆ ಬಿದ್ದ ಹಿಟ್ಟಿನಂತೆ ಅರಳಿಹೋಗಿತ್ತು. ಚಿತ್ರ ಹಾಳಾಯಿತು, ಆದರೆ ಪದ ಅಂದೇ ಸಿಕ್ಕಿತು.

‘ಎಡೆಬಿಡದೆ ಮಳೆ ಸುರಿಯಿತು’ ಎಂದು ಎಲ್ಲರೂ ಹೇಳುತ್ತೇವೆ. ನಿಷೇಧರೂಪವನ್ನು ದಿನವೂ ಬಳಸುವ ನಾವು ಅದರ ವಿಧಿರೂಪವನ್ನು ಮರೆತು ಬೇರೆಲ್ಲೋ ಪದ ಹುಡುಕುತ್ತಿದ್ದೇವೆ. ಎಡೆಬಿಡದೆ ತೆಗೆದದ್ದು ಮಾಮೂಲು ವಿಡಿಯೊ, ಎಡೆಬಿಟ್ಟು ತೆಗೆದದ್ದು ಟೈಮ್‌ಲ್ಯಾಪ್ಸ್. ‘ಬಿಟ್ಟು’ ಎಂಬುದು ಇದೇ ಅರ್ಥದಲ್ಲಿ ಕನ್ನಡದ ತುಂಬ ಇದೆ: ದಿನ ಬಿಟ್ಟು ದಿನ ನೀರು ಹಾಯಿಸುತ್ತಾರೆ, ಜ್ವರ ಬಿಟ್ಟು ಬಿಟ್ಟು ಬರುತ್ತದೆ. ‘ಎಡೆ’ಯೂ ನಿಘಂಟಿನಿಂದ ಎಬ್ಬಿಸಿ ತಂದ ಪದವಲ್ಲ, ಬಯಲುಸೀಮೆಯ ರೈತರು ಬೆಳೆಯ ಸಾಲುಗಳ ನಡುವೆ ಇಂದಿಗೂ ಎಡೆಕುಂಟೆ ಹೊಡೆಯುತ್ತಾರೆ. ಎಡೆ ಎಂದರೆ ತಮ್ಮ ಕಡೆ ಹಿರಿಯರಿಗೆ ಇಡುವ ಊಟ ಎಂದು ಒಬ್ಬರು ಆಕ್ಷೇಪಿಸಿದ್ದಾರೆ. ಅದು ನಿಜ. ಆದರೆ ಅಲ್ಲಿ ಎಡೆಯನ್ನು ಇಡುತ್ತಾರೆ, ಇಲ್ಲಿ ಬಿಡುತ್ತಾರೆ. ಕ್ರಿಯಾಪದವೇ ಅರ್ಥವನ್ನು ಬೇರ್ಪಡಿಸುತ್ತದೆ.

ಇದಕ್ಕಿಂತ ತೂಕವುಳ್ಳ ಆಕ್ಷೇಪ ಇನ್ನೊಂದಿದೆ. ಮೊಗ್ಗು ಅರಳುವುದನ್ನು ತೆಗೆಯುವಾಗ ಎರಡು ಚಿತ್ರಗಳ ನಡುವೆ ನಿಮಿಷಗಟ್ಟಲೆ ಬಿಡುವಿರುತ್ತದೆ, ರಾತ್ರಿಯ ಆಕಾಶಕ್ಕಾದರೆ ಶಟರ್ ಇಪ್ಪತ್ತು ಸೆಕೆಂಡು ತೆರೆದೇ ಇದ್ದು ಬಿಡುವು ಐದೇ ಸೆಕೆಂಡು, ಹಾಗಿರುವಾಗ ‘ಎಡೆಬಿಟ್ಟ’ ಎನ್ನುವುದು ಹೇಗೆ ಸರಿ ಎಂದು ಕೇಳಿದವರು ಕೆಲಸ ಬಲ್ಲವರು. ನನ್ನ ಉತ್ತರ ತೋಟದಿಂದಲೇ ಬರುತ್ತದೆ. ಅಡಿಕೆ ಸಸಿಯನ್ನು ಒಂಬತ್ತು ಅಡಿ ಎಡೆಬಿಟ್ಟು ನೆಡು ಎಂದರೆ ಬುಡದಿಂದ ಬುಡಕ್ಕೆ ಒಂಬತ್ತು ಅಡಿ ಎಂದರ್ಥ. ಗರಿಗಳು ಎಷ್ಟು ಹರಡಿ ನಡುವೆ ಎಷ್ಟು ಬಯಲು ಉಳಿದಿದೆ ಎಂದು ಯಾರೂ ಅಳೆಯುವುದಿಲ್ಲ. ನನ್ನ ಕ್ಯಾಮೆರಾದ ಲೆಕ್ಕವೂ ಹಾಗೆಯೇ, ಒಂದು ಚಿತ್ರದ ಆರಂಭದಿಂದ ಮುಂದಿನ ಚಿತ್ರದ ಆರಂಭಕ್ಕೆ. ಎಡೆ 25 ಸೆಕೆಂಡು, ಅದರಲ್ಲಿ ಬೆಳಕಿಗೆ ಒಡ್ಡಿದ್ದು 20. ಇಂಗ್ಲಿಷಿನಲ್ಲಿ ಇಂಟರ್ವಲ್ ಎನ್ನುವುದಕ್ಕೂ ‘ಎಡೆ’ಯೇ ಸಾಕಾಗುತ್ತದೆ, ಪರಿಭಾಷೆಯೆಲ್ಲ ಒಂದೇ ಬೇರಿನಿಂದ ಚಿಗುರುತ್ತದೆ.

ಈಗ ಅರಿಸಮಾಸದ ಮಾತು. ಕನ್ನಡದ ‘ಎಡೆ’ಗೆ ಸಂಸ್ಕೃತದ ‘ಚಿತ್ರಣ’ವನ್ನು ಕೂಡಿಸಬಾರದು ಎಂದು ಬಳಗದ ಹಿರಿಯರು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದಾರೆ. ಕೇಶಿರಾಜನ ಶಬ್ದಮಣಿದರ್ಪಣದ ಮೇಲೆ ನನಗೂ ಅವರಷ್ಟೇ ಗೌರವವಿದೆ. ಆದರೆ ಗಮಕ ಸಮಾಸಕ್ಕೂ ಕ್ರಿಯಾಸಮಾಸಕ್ಕೂ ಈ ದೋಷ ತಟ್ಟುವುದಿಲ್ಲ ಎಂಬುದನ್ನು ಶಾಲೆಯ ವ್ಯಾಕರಣದಲ್ಲಿಯೇ ಓದಿದ್ದೇವೆ. ‘ಎಡೆಬಿಟ್ಟ’ ಎಂಬುದು ಕ್ರಿಯಾಪದದಿಂದ ಹುಟ್ಟಿದ ವಿಶೇಷಣ, ಎಂದರೆ ಕೃದಂತ. ಕೃದಂತ ನಾಮಪದದೊಡನೆ ಸೇರಿದರೆ ಗಮಕ ಸಮಾಸವೇ ಆಗುವುದರಿಂದ ಇಲ್ಲಿ ಅರಿಸಮಾಸದ ಪ್ರಶ್ನೆಯೇ ಏಳುವುದಿಲ್ಲ. ‘ಎಡೆಚಿತ್ರ’ ಎಂದು ಮೊಟಕುಗೊಳಿಸಿದರೆ ಮಾತ್ರ ಏಳುತ್ತದೆ, ಅದನ್ನು ನಾನೂ ಒಪ್ಪುವುದಿಲ್ಲ. ನಡುರಾತ್ರಿ ಎಂದು ಬರೆಯುವಾಗ ಕೈ ನಡುಗದವರು ಇಲ್ಲಿ ಮಾತ್ರ ನಿಯಮವನ್ನು ನೆನೆಯುವುದೂ ಸರಿಯಲ್ಲ.

ಸಾಲದ ಪದಗಳ ವಾದಕ್ಕೆ ಬರುತ್ತೇನೆ. ಟೈಮ್‌ಲ್ಯಾಪ್ಸ್ ಎಂದೇ ಬರೆಯಿರಿ, ಕುರ್ಚಿ, ಮೇಜು, ಸಾಬೂನು ಬಂದಂತೆ ಅದೂ ಬರುತ್ತದೆ ಎಂದು ಕೆಲವರು ಹೇಳಿದ್ದಾರೆ. ಕ್ಯಾಮೆರಾ, ಲೆನ್ಸ್, ಟ್ರೈಪಾಡ್‌ಗಳನ್ನು ನಾನೇ ಮೇಲೆ ಬಳಸಿದ್ದೇನೆ, ಅವುಗಳ ಬಗ್ಗೆ ನನಗೆ ತಕರಾರಿಲ್ಲ. ವಸ್ತು ಕೈಗೆ ಬಂದಾಗ ಅದರ ಹೆಸರೂ ಜೊತೆಗೇ ಬರುತ್ತದೆ, ಮುಟ್ಟಿ ನೋಡಿದವನಿಗೆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇದು ವಸ್ತುವಲ್ಲ, ಕೆಲಸದ ರೀತಿ. ಕೆಲಸದ ರೀತಿಯನ್ನು ಹೇಳುವ ಪದವು ಅದು ಹೇಗೆ ನಡೆಯಿತೆಂಬುದರ ಸುಳಿವು ಕೊಡದಿದ್ದರೆ ಏಳನೆಯ ತರಗತಿಯ ಹುಡುಗಿ ಫಲಕವನ್ನು ಓದಿ, ತಿಳಿದಂತೆ ತಲೆಯಾಡಿಸಿ, ಮುಂದಕ್ಕೆ ಹೋಗುತ್ತಾಳೆ. ಹವ್ಯಾಸಿಗಳು ತಮ್ಮ ತಮ್ಮಲ್ಲಿ ಟೈಮ್‌ಲ್ಯಾಪ್ಸ್ ಎಂದುಕೊಳ್ಳಲಿ, ನಾನೂ ಹಾಗೆಯೇ ಅನ್ನುತ್ತೇನೆ. ಶಾಲೆಯ ಗೋಡೆಯ ಮೇಲೆ ಅದೊಂದೇ ಇರಬಾರದು.

‘ತಾರಾಚಲನಚಿತ್ರ’ ಎಂಬ ಸಲಹೆ ಬೇರೆಯೇ ಕಾರಣಕ್ಕೆ ಸಲ್ಲದು. ನಮಗೆ ಓಡಿದಂತೆ ಕಾಣುವುದು ತಾರೆಗಳ ಚಲನೆಯಲ್ಲ, ನಮ್ಮ ನೆಲದ ತಿರುಗಾಟ. ಮುಂದೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಅಚಲ ವಸ್ತುಗಳು ಹಿಂದಕ್ಕೆ ಸರಿದಂತೆ ಕಾಣುವ ಹೋಲಿಕೆಯನ್ನು ಆರ್ಯಭಟ 499ರಲ್ಲಿಯೇ ಇದಕ್ಕೆ ಕೊಟ್ಟಿದ್ದಾನೆ. ಹಾನ್ಲೆ ವೀಕ್ಷಣಾಲಯದ ಇಂಜಿನಿಯರ್ ದೋರ್ಜೆ ಅಂಗ್ಚುಕ್ ಅವರು 2025ರಲ್ಲಿ ಹೊರತಂದ ವಿಡಿಯೊದಲ್ಲಿ ಚಿಕ್ಕೆಗಳು ನಿಂತಲ್ಲೇ ನಿಂತಿವೆ, ನೆಲವೇ ಮಗುಚಿದಂತೆ ತಿರುಗುತ್ತದೆ. ಅದನ್ನು ತಾರಾಚಲನೆ ಎನ್ನುವುದು ಹೇಗೆ? ಎಡೆಬಿಟ್ಟ ಚಿತ್ರಣ ಎಂದರೆ ಕ್ಯಾಮೆರಾ ನೆಲಕ್ಕೆ ಅಂಟಿದ್ದರೂ, ಆಕಾಶವನ್ನು ಅನುಸರಿಸಿ ತಿರುಗುತ್ತಿದ್ದರೂ ಸರಿಯಾಗಿಯೇ ಉಳಿಯುತ್ತದೆ.

ಧ್ರುವನಕ್ಷತ್ರದ ಸುತ್ತ ಗೆರೆಗಳಿರುವ ಎರಡನೆಯ ಚಿತ್ರಕ್ಕೆ ‘ನಕ್ಷತ್ರಗಳ ಜಾಡು’ ಸಾಕು. ಅದೇ ಬಿಡಿಚಿತ್ರಗಳನ್ನು ಒಂದರ ಹಿಂದೆ ಒಂದಾಗಿ ಪೋಣಿಸುವ ಬದಲು ಒಂದರ ಮೇಲೆ ಒಂದನ್ನು ಹೊದಿಸಿದರೆ ಜಾಡು ಮೂಡುತ್ತದೆ. ನಡುವಿನ ಬಿಡುವು ಹೆಚ್ಚಾದರೆ ಗೆರೆಯ ಬದಲು ಚುಕ್ಕಿಸಾಲು ಬರುತ್ತದೆ ಎಂಬುದನ್ನೂ ಫಲಕದಲ್ಲಿ ಸೇರಿಸಿದರೆ ಎಡೆ ಎಂದರೇನೆಂದು ಮಕ್ಕಳಿಗೆ ಕಣ್ಣಿನಿಂದಲೇ ತಿಳಿಯುತ್ತದೆ.

ಶಿಕ್ಷಕಿಯವರಿಗೆ ನನ್ನ ಸಲಹೆಯ ಒಕ್ಕಣೆ ಹೀಗಿದೆ. ಸೆಕೆಂಡು ಮತ್ತು ಗಂಟೆಗಳನ್ನು ಆ ವಿಡಿಯೊ ತೆಗೆದವರಿಂದ ಕೇಳಿ ತುಂಬಿಸಿಕೊಳ್ಳಿ: ‘ಹಾನ್ಲೆಯ ರಾತ್ರಿಯ ಆಕಾಶ: ಎಡೆಬಿಟ್ಟ ಚಿತ್ರಣ, ಎಂದರೆ ಟೈಮ್‌ಲ್ಯಾಪ್ಸ್. ಇಷ್ಟು ಸೆಕೆಂಡಿಗೆ ಒಂದರಂತೆ ಇಷ್ಟು ಗಂಟೆ ತೆಗೆದ ಬಿಡಿಚಿತ್ರಗಳನ್ನು ಪೋಣಿಸಿದ ವಿಡಿಯೊ.’ ಸುಮಾರು 4500 ಮೀಟರ್ ಎತ್ತರದಲ್ಲಿರುವ ಹಾನ್ಲೆಯ ಎರಡು ಮೀಟರ್ ದೂರದರ್ಶಕವನ್ನು ನಿಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ ಎಂಬ ಒಂದು ಸಾಲಿಗೂ ಕೆಳಗೆ ಜಾಗ ಬಿಡಿ. ಅಚ್ಚಿಗೆ ಹೋಗುವ ಮುನ್ನ ಕರಡನ್ನು ಇಲ್ಲಿಗೆ ಕಳುಹಿಸಿದರೆ ಭಾನುವಾರ ಸಂಜೆಯೊಳಗೆ ತಿದ್ದಿ ಕೊಡುತ್ತೇನೆ.